ಆರದ ಟಾರ್ಚು

ಐದು ವಾರ ಮುಚ್ಚಿದ್ದ ಶಾಲೆ ತೆರೆದ ಸೋಮವಾರ
ಗೇಟಿನಲ್ಲಿ ಕ್ಲೋರಿನ್ ಬಕೆಟ್ಟು, ಅದಕ್ಕೊಬ್ಬ ಕಾವಲುಗಾರ.
ಕೈ ತೊಳೆದು, ಬೆರಳು ಮೂಸಿಕೊಳ್ಳುತ್ತ ಒಳಬಂದರು
ಹನ್ನೊಂದನೇ ತರಗತಿಯವರು, ನಲವತ್ತಾರು ಮಂದಿ.
ಲುಸಾಕಾದ ಈ ಕನ್ಯಾಮಾ ಬಡಾವಣೆಯಲ್ಲಿ
ಇನ್ನೂ ನೀರಿಳಿದಿಲ್ಲ.
ಮೈದಾನದ ತುಂಬ ಕಪ್ಪು ಕೆಸರು.

"ಮಿಸ್ ನಮುಕೊಲೊ, ಎಲ್ಲಿಗೆ ನಿಲ್ಲಿಸಿದ್ದೆವು?"
ಜೀವಕೋಶಗಳ ಮಾತುಕತೆಗೆ, ಅಂದೆ.
ಸೀಮೆಸುಣ್ಣ ಒದ್ದೆಯಾಗಿತ್ತು. ಬರೆಯಲಿಲ್ಲ. ಆಟ ಆಡಿಸಿದೆ.

ಬೆಂಚುಗಳನ್ನು ಸುತ್ತ ಜೋಡಿಸಿದರೆ ಅದೇ ಕೋಶ.
ಬಾಗಿಲಲ್ಲಿ ಮುಟಿಂಟಾ, ಅರ್ಧ ಒಳಗೆ, ಅರ್ಧ ಹೊರಗೆ.
ಸುದ್ದಿ ತಂದವನು ಹೊಸಿಲು ದಾಟುವಂತಿಲ್ಲ,
ಅವಳ ಅಂಗೈಗೆ ಅಂಗೈ ಒತ್ತಬೇಕು, ಅಷ್ಟೇ.
ಒಳಗೆ ಹೋಗುವುದು ಅವನಲ್ಲ, ಅವನ ಮಾತೂ ಅಲ್ಲ,
ಅವಳ ಬೆನ್ನು ಹೊರಳಿದ ಪರಿ.

ಅದನ್ನು ಕಾಣಬೇಕಾದವನು ಚಿಲೇಶೆ.
ಅವನ ಕೈಲಿ ನನ್ನ ಟಾರ್ಚು.
ಹೊತ್ತಿಸು, ಹತ್ತು ಎಣಿಸು, ನೀನೇ ಆರಿಸು.
ಅದು ಉರಿಯುವಷ್ಟು ಹೊತ್ತು ಬ್ವಾಲ್ಯಾ
ಸೋಡಾ ಮುಚ್ಚಳಗಳನ್ನು ತೂರುತ್ತಲೇ ಇರಬೇಕು,
ಮುಚ್ಚಳ ಸಿಕ್ಕವರು ಓಡಿಹೋಗಿ ಕಿಟಕಿ ತೆರೆಯಬೇಕು.
ಬಾಗಿಲಿಗೆ ತಟ್ಟಿದ್ದು ಒಂದೇ ಕೈ,
ನಡುಮನೆಯಲ್ಲಿ ನೂರು ಸದ್ದು.

ಎರಡು ಸಲ ಚೆನ್ನಾಗಿ ನಡೆಯಿತು.
ಮೂರನೆಯ ಸಲ ಚಿಲೇಶೆ ಆರಿಸಲಿಲ್ಲ.
ಹತ್ತಾಯಿತು. ಇಪ್ಪತ್ತಾಯಿತು.
ಮುಚ್ಚಳ ಮುಗಿದು ಬ್ವಾಲ್ಯಾ ಸುಣ್ಣದ ಚೂರು ತೂರಿದಳು,
ಆಮೇಲೆ ಪೆನ್ನಿನ ಟೋಪಿ, ಕಡಲೆಸಿಪ್ಪೆ.
ಕಿಟಕಿಯೆಲ್ಲ ದಢದಢ, ಎರಚಲು ಒಳಗೆ,
ಪುಸ್ತಕ ನೆನೆಯುತ್ತಿವೆ, ಎಲ್ಲರಿಗೂ ನಗುವೋ ನಗು.
"ಆರಿಸೋ!"
"ಆಗ್ತಿಲ್ಲ ಮಿಸ್," ಅಂದ,
"ಯಾರೋ ನನ್ನ ಹೆಬ್ಬೆರಳು ಹಿಡಿದುಕೊಂಡಿದ್ದಾರೆ."

ಮುಂದಿನ ಪುಟ ಓದಿಕೊಂಡು ಬಂದಿದ್ದ.

ನಗು ಯಾವ ಬೆಂಚಿನಲ್ಲಿ ಮೊದಲು ನಿಂತಿತೋ ತಿಳಿಯದು.
ಅವನ ತಂಗಿ ಕಸೊಂಡೆಯನ್ನು ಎಲ್ಲರೂ ಬಲ್ಲರು.
ಆರು ವರ್ಷ. ರಾತ್ರಿ ಊಟ ಮಾಡಿ ಮಲಗಿದ್ದಳು.
ಮರುದಿನ ಮಧ್ಯಾಹ್ನ ಚಿಟೆಂಗೆಯೊಳಗೆ
ಅವಳನ್ನು ಎತ್ತಿಕೊಂಡವರು, ಏನೂ ತೂಕವೇ ಇರಲಿಲ್ಲ ಅಂದರು.

ಹೇಳಲೇಬೇಕಾಯಿತು.
ಕಾಲರಾದ ಜೀವಾಣು ಕೋಶದೊಳಗೆ ಬರುವುದಿಲ್ಲ ಮಕ್ಕಳೇ,
ಒಂದು ಚೂರು ವಿಷ ಕಳಿಸುತ್ತದೆ.
ಅದು ಏನನ್ನೂ ಒಡೆಯುವುದಿಲ್ಲ, ಸುಡುವುದಿಲ್ಲ,
ಈ ಒಂದು ಹೆಬ್ಬೆರಳನ್ನು ಒತ್ತಿ ಹಿಡಿಯುತ್ತದೆ.
ಕೋಶ ಕೆಟ್ಟದ್ದಲ್ಲ. ಬಲು ವಿಧೇಯ.
ಬಿಡು ಅನ್ನುತ್ತಿದೆ ಬೆಳಕು, ಅದು ಬಿಡುತ್ತಿದೆ.
ಉಪ್ಪು ಹೊರಟಿತು. ಉಪ್ಪಿನ ಹಿಂದೆ ನೀರು.

"ಸಾಕು ಅನ್ನಲು ಯಾರೂ ಇಲ್ಲವೇ ಮಿಸ್?"

ಇಲ್ಲ. ಆದರೆ ಹಿತ್ತಲ ಕಡೆ
ವಿಷಕ್ಕೆ ಗೊತ್ತಿಲ್ಲದ ಬಾಗಿಲೊಂದಿದೆ.
ಉಪ್ಪು ಒಂಟಿಯಾಗಿ ಬಂದರೆ ಅದು ತೆಗೆಯುವುದಿಲ್ಲ,
ಸಕ್ಕರೆಯ ಕೈಹಿಡಿದು ಬಂದರೆ ಇಬ್ಬರನ್ನೂ ಒಳಗೆ ಕರೆಯುತ್ತದೆ.
ಕರೆಯದೆಯೇ ನೀರು ಹಿಂಬಾಲಿಸುತ್ತದೆ.
ಶುದ್ಧ ನೀರು ಒಂದು ಲೀಟರು. ಸಕ್ಕರೆ ಆರು ಚಮಚ, ಚಿಕ್ಕ ಚಮಚ.
ಉಪ್ಪು ಅರ್ಧ.

ನಲವತ್ತಾರು ಪೆನ್ನುಗಳು ಬರೆದುಕೊಂಡವು.
ಚಿಲೇಶೆ ಬರೆಯಲಿಲ್ಲ. ಕೇಳಿದ:
"ಇದು ನಮ್ಮ ಪುಸ್ತಕದಲ್ಲಿ ಇತ್ತಾ?"

ಇತ್ತು. ಪುಟದ ಕೆಳಗೆ, ಚಿಕ್ಕ ಅಕ್ಷರದಲ್ಲಿ.
ಪರೀಕ್ಷೆಗೆ ಬರುವುದಿಲ್ಲವೆಂದು
ಒಂಬತ್ತು ವರ್ಷ ಬಿಟ್ಟುಬಿಟ್ಟವಳು ನಾನು.
ಇದನ್ನು ಅವನಿಗೆ ಹೇಳಿದೆ. ಎಲ್ಲರೆದುರಿಗೇ ಹೇಳಿದೆ.
ಅವನು ನನ್ನತ್ತ ನೋಡಲಿಲ್ಲ.

ಬೆಲ್ಲು ಹೊಡೆಯಿತು. ಬೆಂಚು ಎಳೆದರು,
ಬ್ವಾಲ್ಯಾ ಬಗ್ಗಿ ಮುಚ್ಚಳ ಹೆಕ್ಕಿದಳು,
ಮುಟಿಂಟಾ ಮಾತ್ರ ಇನ್ನೂ ಬಾಗಿಲಲ್ಲೇ,
ಅರ್ಧ ಒಳಗೆ, ಅರ್ಧ ಹೊರಗೆ.

ಅವನು ಹೋಗುವಾಗ ಚೀಲದ ಬಟ್ಟೆಯಾಚೆ
ಹಳದಿಯಾಗಿ ಏನೋ ಮಿನುಗುತ್ತಿತ್ತು.
ಕೇಳಲಿಲ್ಲ ನಾನು.
ಬ್ಯಾಟರಿ ಹಳೆಯದು.
ಎಷ್ಟು ಹೊತ್ತು ಬೇಕೋ ಉರಿಯಲಿ.